ಅಲಂಕಾರಿಕ ಟ್ರಾಫಿಕ್ ದೀಪದ ಸರದಿ ಸರ್ಕ್ಯೂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆ: ಈ ಸರ್ಕ್ಯೂಟ್ ಮಾಡಬೇಕಾದ ಕೆಲಸವೇನು?

ಮೂರು ದೀಪಗಳನ್ನು ಗೊತ್ತಾದ ಸರದಿಯಲ್ಲಿ, ಗೊತ್ತಾದ ಹೊತ್ತಿನವರೆಗೆ ಉರಿಸಿ ಆರಿಸುವುದಷ್ಟೇ ಅದರ ಕೆಲಸ. ಇದಕ್ಕೆ ಮೂರು ಭಾಗಗಳು ಬೇಕು: ಒಂದೇ ಲಯದಲ್ಲಿ ಮಿಡಿತ ಕೊಡುವ ಗಡಿಯಾರ, ಆ ಮಿಡಿತಗಳನ್ನು ಎಣಿಸಿ ಈಗ ಯಾವ ಹಂತ ನಡೆಯುತ್ತಿದೆ ಎಂಬುದನ್ನು ಹೇಳುವ ಎಣಿಕೆಯ ಐಸಿ (ಇಡೀ ಸರ್ಕ್ಯೂಟನ್ನು ಒಂದೇ ಚಿಪ್ಪಿನಲ್ಲಿ ಅಡಗಿಸಿದ ಬಿಡಿಭಾಗ), ಮತ್ತು ಆ ಐಸಿಯ ದುರ್ಬಲ ಸಂಕೇತವನ್ನು ಪಡೆದು ದೀಪದ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್. ಹೊಸಬರು ಸಾಮಾನ್ಯವಾಗಿ ಮೊದಲ ಎರಡು ಭಾಗಗಳ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಅವು ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಸರ್ಕ್ಯೂಟ್ ಬಾಳಿಕೆ ಬರುತ್ತದೆಯೋ ಇಲ್ಲವೋ, ಮುಟ್ಟಲು ಸುರಕ್ಷಿತವೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಮೂರನೆಯ ಭಾಗ. ಆದ್ದರಿಂದ ಈ ಪುಟದಲ್ಲಿ ಅದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಪ್ರಶ್ನೆ: ಬಣ್ಣಗಳ ಸರದಿ ಎಲ್ಲ ದೇಶಗಳಲ್ಲೂ ಒಂದೇ ಆಗಿದೆಯೇ?

ಇಲ್ಲ. ಹಸಿರಿನ ನಂತರ ಹಳದಿ, ಹಳದಿಯ ನಂತರ ಕೆಂಪು ಎಂಬುದು ಸಾಮಾನ್ಯ ಕ್ರಮ. ಆದರೆ ಕೆಂಪಿನಿಂದ ಹಸಿರಿಗೆ ಹೋಗುವಾಗ ಅಮೆರಿಕದಂಥ ದೇಶಗಳಲ್ಲಿ ನೇರವಾಗಿ ಹಸಿರು ಬರುತ್ತದೆ. ಬ್ರಿಟನ್ ಮತ್ತು ಜರ್ಮನಿಯಲ್ಲಿ ಹಸಿರು ಬರುವ ಮುನ್ನ ಕೆಂಪು ಹಾಗೂ ಹಳದಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ಉರಿಯುತ್ತವೆ. ನಿಮ್ಮ ಬಳಿ ಇರುವ ಸಿಗ್ನಲ್ ಪೆಟ್ಟಿಗೆ ಯಾವ ದೇಶದ್ದೆಂದು ಗೊತ್ತಿದ್ದರೆ ಅಲ್ಲಿನ ಸರದಿಯನ್ನೇ ಅನುಸರಿಸುವುದು ಚೆನ್ನ. ತೀರಾ ಹಳೆಯ ಮಾದರಿಯ ಪ್ರತಿಕೃತಿಯನ್ನು ಮಾಡುತ್ತಿದ್ದರೆ ಹಳದಿಯೇ ಬೇಕಾಗದಿರಬಹುದು: 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಅಳವಡಿಸಿದ ವಿದ್ಯುತ್ ಸಿಗ್ನಲ್‌ನಲ್ಲಿ ಕೆಂಪು ಮತ್ತು ಹಸಿರು ಮಾತ್ರ ಇದ್ದವು.

ಪ್ರಶ್ನೆ: 555 ಮತ್ತು 4017 ಐಸಿಗಳು ಸಾಕೇ, ಅಥವಾ ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಬರೆದು ನಡೆಸುವ ಚಿಪ್) ಬೇಕೇ?

ಎರಡು ದಾರಿಗಳೂ ಸರಿಯೇ. 1972ರಲ್ಲಿ ಮಾರುಕಟ್ಟೆಗೆ ಬಂದ 555 ಟೈಮರ್ ಇಂದಿಗೂ ಸುಲಭವಾಗಿ ಸಿಗುತ್ತದೆ. ಅದನ್ನು ಗಡಿಯಾರವಾಗಿಯೂ 4017 ಅನ್ನು ಎಣಿಕೆಗಾರನಾಗಿಯೂ ಬಳಸಿದರೆ ಪ್ರೋಗ್ರಾಂ ಬರೆಯುವ ಅಗತ್ಯವೇ ಬೀಳದು, ಕೆಟ್ಟರೆ ಮಲ್ಟಿಮೀಟರ್ ಒಂದರಿಂದಲೇ ಹುಡುಕಿ ಸರಿಪಡಿಸಬಹುದು. ಆದರೆ ಪ್ರತಿ ಬಣ್ಣಕ್ಕೂ ಸ್ವತಂತ್ರವಾದ ಅವಧಿ ಬೇಕು, ರಾತ್ರಿ ಹಳದಿ ಮಾತ್ರ ಮಿಣುಕಬೇಕು, ಗುಂಡಿ ಒತ್ತಿದಾಗ ಸರದಿ ಬದಲಾಗಬೇಕು ಎಂಬಂಥ ಬಯಕೆಗಳಿದ್ದರೆ ಮೈಕ್ರೋಕಂಟ್ರೋಲರನ್ನೇ ಆರಿಸಿಕೊಳ್ಳಬೇಕು. ಅವನ್ನೆಲ್ಲ ಐಸಿಗಳಿಂದ ಕಟ್ಟಹೊರಟರೆ ಬೋರ್ಡು ಬೆಳೆಯುತ್ತಲೇ ಹೋಗುತ್ತದೆ. ಮೂರನೆಯ ದಾರಿಯೊಂದಿದೆ: ನಿಧಾನವಾಗಿ ತಿರುಗುವ ಸಣ್ಣ ಮೋಟಾರಿನ ದಂಡಕ್ಕೆ ಮೂರು ಕ್ಯಾಮ್ ತಟ್ಟೆಗಳನ್ನು (ಅಂಚಿನಲ್ಲಿ ಉಬ್ಬಿರುವ ತಟ್ಟೆಗಳನ್ನು) ಕೂರಿಸಿ, ಅವು ಮೈಕ್ರೋಸ್ವಿಚ್‌ಗಳನ್ನು ಒತ್ತುವಂತೆ ಮಾಡುವುದು. ರಸ್ತೆಯ ಹಳೆಯ ನಿಯಂತ್ರಕಗಳು ಕೆಲಸ ಮಾಡುತ್ತಿದ್ದುದು ಇದೇ ತತ್ತ್ವದ ಮೇಲೆ. ಲೋಹ, ಮರದ ಕೆಲಸ ಬಲ್ಲವರಿಗೆ ಇದರಲ್ಲಿ ಸಿಗುವ ಖುಷಿಯೇ ಬೇರೆ.

ಪ್ರಶ್ನೆ: 4017ರ ಹತ್ತು ಹಂತಗಳನ್ನು ಮೂರು ದೀಪಗಳಿಗೆ ಹೇಗೆ ಹಂಚಬೇಕು?

4017 ಐಸಿಗೆ ಕ್ಯೂ0ಯಿಂದ ಕ್ಯೂ9ರವರೆಗೆ ಹತ್ತು ಔಟ್‌ಪುಟ್‌ಗಳಿವೆ. ಗಡಿಯಾರದ ಪ್ರತಿ ಮಿಡಿತಕ್ಕೂ ಒಂದು ಔಟ್‌ಪುಟ್ ಆರಿ ಮುಂದಿನದು ಎಚ್ಚರಗೊಳ್ಳುತ್ತದೆ. ಯಾವ ಕ್ಷಣದಲ್ಲೂ ಈ ಹತ್ತರಲ್ಲಿ ಒಂದೇ ಒಂದು ಮಾತ್ರ ಹೈ ಸ್ಥಿತಿಯಲ್ಲಿ (ಪೂರೈಕೆಯ ವೋಲ್ಟೇಜಿನ ಹತ್ತಿರ) ಇದ್ದು, ಉಳಿದವು ಲೋ ಸ್ಥಿತಿಯಲ್ಲಿ (ಸೊನ್ನೆ ವೋಲ್ಟಿನ ಹತ್ತಿರ) ಇರುತ್ತವೆ. ಸಾಮಾನ್ಯವಾಗಿ ಕಾಣಸಿಗುವ ನಕ್ಷೆಗಳಲ್ಲಿ ಈ ಹತ್ತನ್ನೂ ಡಯೋಡ್‌ಗಳ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳ) ಮೂಲಕ ಮೂರು ಗುಂಪುಗಳಾಗಿ ಸೇರಿಸಿರುತ್ತಾರೆ. ಅದು ತಪ್ಪಲ್ಲ, ಆದರೆ ಅಷ್ಟೊಂದು ಡಯೋಡ್‌ಗಳ ಅಗತ್ಯವಿಲ್ಲ.

ಈ ಐಸಿಯ 12ನೇ ಪಿನ್‌ನಲ್ಲಿ ಕ್ಯಾರಿ ಔಟ್ ಎಂಬ ಹನ್ನೊಂದನೆಯ ಔಟ್‌ಪುಟ್ ಇದೆ. ಮುಂದಿನ ಎಣಿಕೆಯ ಐಸಿಗೆ ಮಿಡಿತ ಕೊಡಲೆಂದು ಇಟ್ಟಿರುವ ಇದು ಮೊದಲ ಐದು ಹಂತಗಳಲ್ಲಿ, ಅಂದರೆ ಕ್ಯೂ0ಯಿಂದ ಕ್ಯೂ4ರವರೆಗೆ, ಹೈ ಆಗಿದ್ದು ಉಳಿದ ಐದು ಹಂತಗಳಲ್ಲಿ ಲೋ ಆಗಿರುತ್ತದೆ. ಕೆಂಪಿಗೆ ಬೇಕಾಗಿರುವುದೂ ಅದೇ. ಹಾಗಾಗಿ 12ನೇ ಪಿನ್ನನ್ನು ನೇರವಾಗಿ ಕೆಂಪಿನ ಸ್ವಿಚ್ಚಿಗೆ ಕೊಡಿ. ಕ್ಯೂ5, ಕ್ಯೂ6, ಕ್ಯೂ7, ಕ್ಯೂ8 ಔಟ್‌ಪುಟ್‌ಗಳನ್ನು (ಕ್ರಮವಾಗಿ 1, 5, 6 ಮತ್ತು 9ನೇ ಪಿನ್‌ಗಳು) ನಾಲ್ಕು 1ಎನ್4148 ಡಯೋಡ್‌ಗಳ ಮೂಲಕ ಸೇರಿಸಿ ಹಸಿರಿನ ಸ್ವಿಚ್ಚಿಗೆ ಕೊಡಿ. ಕ್ಯೂ9, ಅಂದರೆ 11ನೇ ಪಿನ್, ನೇರವಾಗಿ ಹಳದಿಗೆ. ಒಂದು ಹಂತಕ್ಕೆ ಎರಡು ಸೆಕೆಂಡ್ ಎಂದಿಟ್ಟುಕೊಂಡರೆ ಕೆಂಪು ಹತ್ತು ಸೆಕೆಂಡ್, ಹಸಿರು ಎಂಟು, ಹಳದಿ ಎರಡು; ಒಟ್ಟು ಇಪ್ಪತ್ತು ಸೆಕೆಂಡಿನ ಸುತ್ತು. ನೋಡುವವರಿಗೆ ಬೇಸರ ಬಾರದಷ್ಟು ಚಿಕ್ಕದು, ಕಣ್ಣು ಕುಕ್ಕದಷ್ಟು ನಿಧಾನ.

ಹಸಿರಿಗೆ ಮುನ್ನ ಕೆಂಪು ಮತ್ತು ಹಳದಿ ಒಟ್ಟಿಗೆ ಉರಿಯಬೇಕಿದ್ದರೆ, ಹಳದಿಯ ಸ್ವಿಚ್ಚಿಗೆ ಕ್ಯೂ9ರ ಜೊತೆ ಕ್ಯೂ4 ಅನ್ನೂ (10ನೇ ಪಿನ್) ಒಂದೊಂದು ಡಯೋಡ್ ಮೂಲಕ ಸೇರಿಸಿದರೆ ಸಾಕು. ಕ್ಯೂ4ರ ಹಂತದಲ್ಲಿ 12ನೇ ಪಿನ್ ಇನ್ನೂ ಹೈ ಆಗಿಯೇ ಇರುವುದರಿಂದ ಕೆಂಪು ಆರುವುದಿಲ್ಲ.

ಪ್ರಶ್ನೆ: ಡಯೋಡ್ ಹಾಕದೆ ಔಟ್‌ಪುಟ್‌ಗಳನ್ನು ನೇರವಾಗಿ ಜೋಡಿಸಿದರೆ ಏನಾಗುತ್ತದೆ?

ಒಂದು ಔಟ್‌ಪುಟ್ ಹೈ ಆಗಿರುವಾಗ ಉಳಿದವು ಸುಮ್ಮನೆ ತೆರೆದುಕೊಂಡಿರುವುದಿಲ್ಲ. ಅವು ಗ್ರೌಂಡಿನತ್ತ ಬಲವಾಗಿ ಎಳೆಯುತ್ತಿರುತ್ತವೆ. ನೇರ ಜೋಡಣೆಯಲ್ಲಿ ಒಂದು ಮೇಲಕ್ಕೂ ಮೂರು ಕೆಳಕ್ಕೂ ಎಳೆದು, ದೀಪ ಉರಿಯದೆ ಐಸಿ ಬಿಸಿಯಾಗುತ್ತದೆ. ಡಯೋಡ್ ಇದ್ದರೆ ಹೈ ಸಂಕೇತ ಹೊರಗೆ ಹೋಗುತ್ತದೆಯೇ ಹೊರತು ಪಕ್ಕದ ಪಿನ್‌ಗೆ ಹಿಂದಿರುಗಲಾರದು.

ಪ್ರಶ್ನೆ: 555ರ ಸಮಯವನ್ನು ಲೆಕ್ಕ ಹಾಕುವುದು ಹೇಗೆ?

ಒಂದು ಮಿಡಿತದ ಅವಧಿ = 0.693 × (ಆರ್1 + 2 × ಆರ್2) × ಸಿ. ಇಲ್ಲಿ ಆರ್1 ಎಂಬುದು ಧನ ವೋಲ್ಟೇಜಿಗೂ 7ನೇ ಪಿನ್‌ಗೂ ನಡುವಿನ ರೆಸಿಸ್ಟರ್. ಆರ್2 ಎಂಬುದು 7ನೇ ಪಿನ್‌ಗೂ, ಒಂದಕ್ಕೊಂದು ಸೇರಿಸಿದ 2 ಮತ್ತು 6ನೇ ಪಿನ್‌ಗಳಿಗೂ ನಡುವಿನದು. ಸಿ ಎಂಬುದು ಆ ಪಿನ್‌ಗಳಿಂದ ಗ್ರೌಂಡಿಗೆ ಹೋಗುವ ಕೆಪಾಸಿಟರ್. ಆರ್1 ಅನ್ನು 10 ಕಿಲೋಓಮ್, ಸಿ ಅನ್ನು 10 ಮೈಕ್ರೋಫ್ಯಾರಡ್ ಎಂದು ಇಟ್ಟುಕೊಂಡು, ಆರ್2ರ ಜಾಗದಲ್ಲಿ 47 ಕಿಲೋಓಮ್ ರೆಸಿಸ್ಟರಿನ ಜೊತೆ 220 ಕಿಲೋಓಮ್ ಪೊಟೆನ್ಶಿಯೋಮೀಟರನ್ನು ಸರಣಿಯಲ್ಲಿ ಹಾಕಿದರೆ, ಒಂದು ಹಂತವನ್ನು ಸುಮಾರು 0.7 ಸೆಕೆಂಡಿನಿಂದ 3.8 ಸೆಕೆಂಡಿನವರೆಗೆ ತಿರುಗಿಸಿ ಹೊಂದಿಸಿಕೊಳ್ಳಬಹುದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೌಲ್ಯ ಮೈಮೇಲೆ ಬರೆದದ್ದಕ್ಕಿಂತ ಶೇ. 20ರಷ್ಟು ಆಚೀಚೆ ಇರುವುದು ಸಾಮಾನ್ಯವಾದ್ದರಿಂದ ಲೆಕ್ಕಕ್ಕಿಂತ ಪೊಟೆನ್ಶಿಯೋಮೀಟರಿನ ತಿರುಗುಗುಂಡಿಯೇ ಇಲ್ಲಿ ಹೆಚ್ಚು ಉಪಯುಕ್ತ. ವಿದ್ಯುತ್ ಕೊಟ್ಟ ಕೂಡಲೇ ಬರುವ ಮೊದಲ ಹಂತ ಉಳಿದವಕ್ಕಿಂತ ತುಸು ಉದ್ದವಾಗಿರುವುದು ದೋಷವಲ್ಲ: ಆಗ ಕೆಪಾಸಿಟರ್ ಸೊನ್ನೆಯಿಂದ ತುಂಬಿಕೊಳ್ಳುತ್ತದೆ, ಮುಂದೆ ಪ್ರತಿ ಬಾರಿಯೂ ವೋಲ್ಟೇಜಿನ ಮೂರನೇ ಒಂದು ಭಾಗದಿಂದ.

ಒಂದು ಹಂತಕ್ಕೆ ಅರ್ಧ ನಿಮಿಷದಂಥ ದೀರ್ಘ ಅವಧಿ ಬೇಕಿದ್ದರೆ ಕೆಪಾಸಿಟರನ್ನು ದೊಡ್ಡದು ಮಾಡುತ್ತಾ ಹೋಗಬೇಡಿ; ದೊಡ್ಡ ಎಲೆಕ್ಟ್ರೋಲಿಟಿಕ್‌ಗಳಲ್ಲಿ ಸೋರುವ ಕರೆಂಟು ಹೆಚ್ಚು, ಸಮಯ ಸ್ಥಿರವಾಗಿರುವುದಿಲ್ಲ. ಅದರ ಬದಲು ಆಂದೋಲಕವನ್ನೂ 14 ಹಂತಗಳ ಭಾಜಕವನ್ನೂ ತನ್ನೊಳಗೇ ಇಟ್ಟುಕೊಂಡಿರುವ 4060 ಐಸಿಯನ್ನು ಬಳಸಿ.

ಪ್ರಶ್ನೆ: 4017ರಿಂದ ನೇರವಾಗಿ ದೀಪ ಉರಿಸಬಹುದೇ?

ಸಾಧ್ಯವಿಲ್ಲ. ಈ ಐಸಿಯ ಒಂದೊಂದು ಔಟ್‌ಪುಟ್ ಸರಿಯಾದ ವೋಲ್ಟೇಜನ್ನು ಉಳಿಸಿಕೊಂಡು ಕೊಡಬಲ್ಲದ್ದು ಕೆಲವೇ ಮಿಲಿಆಂಪಿಯರ್. ಪ್ರತಿ ಬಣ್ಣಕ್ಕೂ ಒಂದು ಸ್ವಿಚ್ ಬೇಕು. ಒಂದೆರಡು ಎಲ್‌ಇಡಿ ಮಾತ್ರ ಇರುವ ಆಟಿಕೆಗೆ ಬಿಸಿ547 ಟ್ರಾನ್ಸಿಸ್ಟರ್ ಸಾಲುತ್ತದೆ. ಅದರ ಗರಿಷ್ಠ ಕರೆಂಟು 100 ಮಿಲಿಆಂಪಿಯರ್ ಎಂಬುದನ್ನು ಮರೆಯಬಾರದು. ನಿಜವಾದ ಗಾತ್ರದ ದೀಪಕ್ಕೆ ಎನ್-ಚಾನೆಲ್ ಮಾಸ್‌ಫೆಟ್ ಒಳ್ಳೆಯದು; ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟರೆ ಡ್ರೇನ್ ಮತ್ತು ಸೋರ್ಸ್ ಎಂಬ ಕಾಲುಗಳ ನಡುವೆ ಕರೆಂಟನ್ನು ಹರಿಯಬಿಡುವ ಟ್ರಾನ್ಸಿಸ್ಟರ್ ಇದು. ಇಡೀ ಸರ್ಕ್ಯೂಟ್ 12 ವೋಲ್ಟಿನಲ್ಲಿ ನಡೆಯುತ್ತಿದ್ದರೆ (555ಕ್ಕೂ 4017ಕ್ಕೂ ಅದು ಒಗ್ಗುತ್ತದೆ) ಐಆರ್‌ಎಫ್‌ಝಡ್44ಎನ್‌ನಂಥ ಸಾಧಾರಣ ಮಾಸ್‌ಫೆಟ್ ಪೂರ್ತಿ ತೆರೆದುಕೊಳ್ಳುತ್ತದೆ. ಅರ್ಧ ಆಂಪಿಯರ್ ಹರಿದರೂ ಬೆಚ್ಚಗಾಗುವುದಿಲ್ಲ. ದೀಪ ಧನ ತಂತಿಗೂ ಡ್ರೇನ್‌ಗೂ ನಡುವೆ ಇರಲಿ, ಸೋರ್ಸ್ ಗ್ರೌಂಡಿಗೆ ಹೋಗಲಿ.

ಇಲ್ಲಿ ಬಹಳಷ್ಟು ಜನರನ್ನು ಸತಾಯಿಸುವ ಒಂದು ಸೂಕ್ಷ್ಮವಿದೆ. ಡಯೋಡ್ ಮೂಲಕ ಬಂದ ಹೈ ಸಂಕೇತ ಮಾಸ್‌ಫೆಟ್ಟಿನ ಗೇಟನ್ನು ತುಂಬುತ್ತದೆ. ಆದರೆ ಔಟ್‌ಪುಟ್ ಲೋ ಆದಾಗ ಅದೇ ಡಯೋಡ್ ಅಡ್ಡ ನಿಂತು, ಗೇಟಿನಲ್ಲಿ ಉಳಿದ ಚಾರ್ಜು ಹೊರಹೋಗಲು ದಾರಿಯೇ ಇರುವುದಿಲ್ಲ. ಪರಿಣಾಮವಾಗಿ ಹಸಿರು ಆರುವುದೇ ಇಲ್ಲ, ಅಥವಾ ನಿಧಾನವಾಗಿ ಮಂಕಾಗುತ್ತಾ ಹೋಗುತ್ತದೆ. ಹಾಗೆ ಅರೆತೆರೆದ ಸ್ಥಿತಿಯಲ್ಲಿ ಮಾಸ್‌ಫೆಟ್ ಬಿಸಿಯಾಗುತ್ತದೆ. ಪ್ರತಿ ಗೇಟಿನಿಂದ ಗ್ರೌಂಡಿಗೆ 47 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಈ ತೊಂದರೆ ಇಲ್ಲವಾಗುತ್ತದೆ. ಡಯೋಡ್ ಇಲ್ಲದ ಕೆಂಪಿನ ಗೇಟಿಗೆ ಇದು ಕಡ್ಡಾಯವಲ್ಲವಾದರೂ ಮೂರಕ್ಕೂ ಹಾಕಿಬಿಡುವುದೇ ಲೇಸು.

ಪ್ರಶ್ನೆ: ಬಿಡಿ ಎಲ್‌ಇಡಿಗಳಿಗೆ ಎಷ್ಟು ಓಮ್ ರೆಸಿಸ್ಟರ್ ಹಾಕಬೇಕು?

ಪೂರೈಕೆಯ ವೋಲ್ಟೇಜಿನಿಂದ ಎಲ್‌ಇಡಿಗಳ ಒಟ್ಟು ವೋಲ್ಟೇಜನ್ನು ಕಳೆದು, ಬೇಕಾದ ಕರೆಂಟಿನಿಂದ ಭಾಗಿಸಬೇಕು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್. ಮೂರನ್ನು ಸರಣಿಯಲ್ಲಿ ಇಟ್ಟರೆ 12 ವೋಲ್ಟಿನಲ್ಲಿ 6 ವೋಲ್ಟ್ ಉಳಿಯುತ್ತದೆ. 15 ಮಿಲಿಆಂಪಿಯರಿಗೆ 400 ಓಮ್, ಅಂದರೆ ಅಂಗಡಿಯಲ್ಲಿ ಸಿಗುವ ಮೌಲ್ಯಗಳಲ್ಲಿ 390. ಹಳದಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಇಂದಿನ ಹೊಳೆಯುವ ಹಸಿರು ಎಲ್‌ಇಡಿಗೆ ಮಾತ್ರ ಸುಮಾರು 3.2 ವೋಲ್ಟ್ ಬೇಕು. ಅವನ್ನೂ ಮೂರರಂತೆ ಇಟ್ಟರೆ ರೆಸಿಸ್ಟರಿಗೆ ಉಳಿಯುವುದು 2.4 ವೋಲ್ಟ್ ಮಾತ್ರ. 180 ಓಮ್ ಹಾಕಿದ್ದರೆ, ಅಡಾಪ್ಟರ್ 12ರ ಬದಲು 13 ವೋಲ್ಟ್ ಕೊಟ್ಟಾಗ ಕರೆಂಟು 13 ಮಿಲಿಆಂಪಿಯರಿನಿಂದ ಸುಮಾರು 19ಕ್ಕೆ ಜಿಗಿಯುತ್ತದೆ. ಹಸಿರನ್ನು ಎರಡೆರಡರಂತೆ ಸರಣಿಯಲ್ಲಿಟ್ಟು 390 ಓಮ್ ಕೊಡುವುದು ಜಾಣತನ. ಮೂರೂ ಬಣ್ಣಗಳಿಗೆ ಒಂದೇ ಮೌಲ್ಯದ ರೆಸಿಸ್ಟರ್ ಸಾಕಾಗುವುದು ಇದರ ಇನ್ನೊಂದು ಅನುಕೂಲ. ಒಂದೇ ರೆಸಿಸ್ಟರಿಗೆ ಹಲವು ಸರಣಿಗಳನ್ನು ಸಮಾಂತರವಾಗಿ ಜೋಡಿಸಬಾರದು. ಪ್ರತಿ ಸರಣಿಗೂ ತನ್ನದೇ ರೆಸಿಸ್ಟರ್ ಇರಬೇಕು.

ಪ್ರಶ್ನೆ: ನನ್ನ ಬಳಿ ಇರುವುದು ರಸ್ತೆಯಿಂದ ಕಳಚಿದ ನಿಜವಾದ ಸಿಗ್ನಲ್ ಪೆಟ್ಟಿಗೆ. ಅದರ ಬಲ್ಬುಗಳನ್ನು ಹಾಗೆಯೇ ಉರಿಸಬಹುದೇ?

ಉರಿಸಬಹುದು, ಆದರೆ ಆ ದಾರಿ ಹಿಡಿಯಬೇಡಿ ಎಂಬುದೇ ನಮ್ಮ ಸಲಹೆ. ಹಳೆಯ ಪೆಟ್ಟಿಗೆಗಳ ಬಲ್ಬುಗಳು ಸಾಮಾನ್ಯವಾಗಿ ಮೇನ್ಸ್ ವೋಲ್ಟೇಜಿನವು, ಅಂದರೆ ಗೋಡೆಯ ಪ್ಲಗ್ಗಿನಲ್ಲಿ ಬರುವ ಅಪಾಯಕಾರಿ ವೋಲ್ಟೇಜಿನವು. ಅಲಂಕಾರದ ವಸ್ತು ಮಕ್ಕಳ ಕೈಗೆ ಎಟಕುತ್ತದೆ, ಒರೆಸುವಾಗ ಒದ್ದೆಯಾಗುತ್ತದೆ, ಅಲ್ಯೂಮಿನಿಯಂ ಮೈಯುಳ್ಳದ್ದಾಗಿರಲೂಬಹುದು. ಹೋಲ್ಡರಿಗೆ ಹೊಂದುವ 12 ವೋಲ್ಟಿನ ಎಲ್‌ಇಡಿ ಬಲ್ಬುಗಳನ್ನು ಹಾಕಿ, ಮೇನ್ಸ್ ವಿದ್ಯುತ್ತನ್ನು ಮುಚ್ಚಿದ ಅಡಾಪ್ಟರಿನಲ್ಲೇ ನಿಲ್ಲಿಸಿ, ಪೆಟ್ಟಿಗೆಯೊಳಗೆ 12 ವೋಲ್ಟನ್ನು ಮಾತ್ರ ತಂದರೆ ಸುರಕ್ಷತೆಯ ಅರ್ಧಕ್ಕಿಂತ ಹೆಚ್ಚು ಚಿಂತೆಗಳು ಅಲ್ಲಿಗೇ ಮುಗಿಯುತ್ತವೆ. 5 ವ್ಯಾಟಿನ ಬಲ್ಬಿಗೆ ಸುಮಾರು 0.42 ಆಂಪಿಯರ್ ಬೇಕು. ಒಂದು ಹೊತ್ತಿಗೆ ಉರಿಯುವುದು ಒಂದು, ಹೆಚ್ಚೆಂದರೆ ಎರಡು ದೀಪಗಳಾದ್ದರಿಂದ ಒಂದೂವರೆ ಆಂಪಿಯರಿನ ಅಡಾಪ್ಟರ್ ಧಾರಾಳವಾಯಿತು. ಇಂಥ ಬಲ್ಬಿನ ಹೋಲ್ಡರ್ ಮೇನ್ಸ್ ಬಲ್ಬಿನದ್ದರಂತೆಯೇ ಇದ್ದರೆ, ಒಳಗೆ 12 ವೋಲ್ಟ್ ಎಂದು ಅಳಿಸದ ಶಾಯಿಯಲ್ಲಿ ಬರೆದಿಡಿ. ನಾಳೆ ಬಲ್ಬು ಬದಲಾಯಿಸುವವರು ನೀವೇ ಆಗಿರಬೇಕೆಂದಿಲ್ಲ.

ಮೇನ್ಸ್ ಬಲ್ಬೇ ಬೇಕೆಂದಾದರೆ ಸ್ವಿಚ್ಚಿನ ಕೆಲಸವನ್ನು ಆಪ್ಟಿಕಲ್ ಬೇರ್ಪಡಿಕೆಯುಳ್ಳ ಸಾಲಿಡ್ ಸ್ಟೇಟ್ ರಿಲೇಗಳಿಗೆ (ಚಲಿಸುವ ಸಂಪರ್ಕಗಳಿಲ್ಲದ, ಒಳಗೆ ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಸ್ವಿಚ್‌ಗಳಿಗೆ) ಬಿಡಬೇಕು. ಲೋಹದ ಮೈಯನ್ನು ಅರ್ತ್ ತಂತಿಗೆ ಕಡ್ಡಾಯವಾಗಿ ಜೋಡಿಸಬೇಕು, ಫೇಸ್ ತಂತಿಯಲ್ಲಿ ಫ್ಯೂಸ್ ಇರಬೇಕು, ಸ್ವಿಚ್ ಆಗುವುದು ನ್ಯೂಟ್ರಲ್ ಅಲ್ಲದೆ ಫೇಸ್ ಆಗಿರಬೇಕು, ಕಡಿಮೆ ವೋಲ್ಟೇಜಿನ ತಂತಿಗಳು ಮೇನ್ಸ್ ತಂತಿಗಳಿಂದ ಬೇರೆಯಾದ ಅಂಕಣದಲ್ಲಿ ಸಾಗಬೇಕು. ಇವುಗಳಲ್ಲಿ ಯಾವುದಾದರೂ ಒಂದು ನಿಮಗೆ ಅಪರಿಚಿತವೆನಿಸಿದರೆ ಆ ಭಾಗವನ್ನು ಅರ್ಹ ಎಲೆಕ್ಟ್ರಿಶಿಯನ್ನರಿಗೆ ಒಪ್ಪಿಸಿ.

ಪ್ರಶ್ನೆ: ಮಾಮೂಲಿ ರಿಲೇ ಬಳಸಿದರೆ ಆಗದೇ? ಟಕ್ ಟಕ್ ಸದ್ದು ಚೆನ್ನಾಗಿರುತ್ತದೆಯಲ್ಲ.

ಸದ್ದು ಚೆನ್ನಾಗಿರುವುದು ನಿಜ. ಹಳೆಯ ನಿಯಂತ್ರಕಗಳ ನೆನಪು ತರುತ್ತದೆ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪೂರ್ಣ ಹೊರೆಯಲ್ಲಿ ಸಣ್ಣ ರಿಲೇಯ ಸಂಪರ್ಕಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಆಯುಸ್ಸು ಒಂದು ಲಕ್ಷ ಬಾರಿಯ ಆಸುಪಾಸು. ಇಪ್ಪತ್ತು ಸೆಕೆಂಡಿನ ಸುತ್ತಿನಲ್ಲಿ ಪ್ರತಿ ರಿಲೇ ಗಂಟೆಗೆ 180 ಬಾರಿ, ದಿನಕ್ಕೆ 4,320 ಬಾರಿ ಕೆಲಸ ಮಾಡುತ್ತದೆ. ಬಿಡದೆ ಉರಿಸಿದರೆ ಸುಮಾರು 23 ದಿನಗಳಲ್ಲಿ ಆ ಲೆಕ್ಕ ಮುಗಿಯುತ್ತದೆ. ಹೊರೆ ಕಡಿಮೆಯಿದ್ದರೆ ಆಯುಸ್ಸು ಹೆಚ್ಚುತ್ತದೆ, ನಿಜ. ಆದರೆ ತಣ್ಣಗಿರುವ ತಂತು ಬಲ್ಬು ಹೊತ್ತಿಕೊಳ್ಳುವ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟು ಅಥವಾ ಅದಕ್ಕೂ ಮೀರಿದ ಕರೆಂಟನ್ನು ಎಳೆಯುವುದರಿಂದ ಸಂಪರ್ಕಗಳು ಸುಟ್ಟು ಅಂಟಿಕೊಳ್ಳುವುದೂ ಉಂಟು. ದಿನಕ್ಕೆ ಒಂದೆರಡು ಗಂಟೆ ಮಾತ್ರ ಉರಿಸುವ ದೀಪಕ್ಕೆ ರಿಲೇ ಇರಲಿ ಎನ್ನುವವರು ಪ್ರತಿ ಕಾಯಿಲಿಗೂ ಅಡ್ಡಲಾಗಿ 1ಎನ್4007 ಡಯೋಡನ್ನು ಹಿಮ್ಮುಖವಾಗಿ ಹಾಕಬೇಕು. ಇಲ್ಲದಿದ್ದರೆ ಕಾಯಿಲ್ ಆರುವಾಗ ಏಳುವ ವೋಲ್ಟೇಜು ಅದನ್ನು ನಡೆಸುವ ಟ್ರಾನ್ಸಿಸ್ಟರನ್ನು ಕೊಲ್ಲುತ್ತದೆ.

ಸಾಲಿಡ್ ಸ್ಟೇಟ್ ರಿಲೇಗೆ ಇಂಥ ಸವೆತವಿಲ್ಲ, ಆದರೆ ಅದಕ್ಕೂ ಒಂದು ದೋಷವಿದೆ: ಆರಿರುವಾಗಲೂ ಅದರ ಮೂಲಕ ಕೆಲವು ಮಿಲಿಆಂಪಿಯರ್ ಸೋರಬಹುದು. ತಂತು ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ಮೇನ್ಸ್ ಎಲ್‌ಇಡಿ ಬಲ್ಬಾದರೆ ಮಂದವಾಗಿ ಹೊಳೆಯುತ್ತಲೋ ಆಗಾಗ ಮಿಟುಕುತ್ತಲೋ ಇರುತ್ತದೆ.

ಪ್ರಶ್ನೆ: ಬಿಳಿ ಎಲ್‌ಇಡಿ ಹಾಕಿದ ಮೇಲೆ ಹಸಿರು ಗಾಜು ನೀಲಿಯಾಗಿ ಕಾಣುತ್ತದೆ, ಏಕೆ?

ಹಳೆಯ ಹಸಿರು ಮಸೂರಗಳನ್ನು ತಂತು ಬಲ್ಬಿನ ಹಳದಿ ಛಾಯೆಯ ಬೆಳಕಿಗೆ ಹೊಂದುವಂತೆ ನೀಲಿಯತ್ತ ವಾಲಿಸಿ ಮಾಡಿರುತ್ತಿದ್ದರು. ತಣ್ಣನೆಯ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಮೊದಲೇ ಹೆಚ್ಚು. ಬೆಚ್ಚನೆಯ ಬಿಳಿ ಬಲ್ಬನ್ನು ಬಳಸಿ. ಕೆಂಪು ಮಸೂರದ ಹಿಂದೆಯಾದರೆ ಕೆಂಪು ಎಲ್‌ಇಡಿಯೇ ಒಳ್ಳೆಯದು, ಏಕೆಂದರೆ ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ.

ಪ್ರಶ್ನೆ: ಅಡ್ಡರಸ್ತೆಯಂತೆ ಎರಡು ಮುಖಗಳನ್ನು ಒಂದೇ ಸರ್ಕ್ಯೂಟಿನಿಂದ ನಡೆಸಬಹುದೇ?

ಖಂಡಿತ. ಮೊದಲ ಮುಖ ಕೆಂಪಾಗಿರುವ ಐದು ಹಂತಗಳಲ್ಲಿ ಎರಡನೆಯದು ಕ್ಯೂ0ಯಿಂದ ಕ್ಯೂ3ರವರೆಗೆ ಹಸಿರು (3, 2, 4 ಮತ್ತು 7ನೇ ಪಿನ್‌ಗಳು), ಕ್ಯೂ4ರಲ್ಲಿ ಹಳದಿ. ಉಳಿದ ಐದು ಹಂತಗಳಲ್ಲಿ ಅದು ಕೆಂಪಾಗಿರಬೇಕು. 12ನೇ ಪಿನ್ನಿನ ಸಂಕೇತವನ್ನು ಒಂದು ಟ್ರಾನ್ಸಿಸ್ಟರಿನಿಂದ ತಿರುವುಮುರುವು ಮಾಡಿಕೊಂಡರೆ ಅದೂ ಸಿಕ್ಕಿತು.

ಪ್ರಶ್ನೆ: ಮೈಕ್ರೋಕಂಟ್ರೋಲರ್ ಬಳಸುವಾಗ ಗಮನಿಸಬೇಕಾದದ್ದೇನು?

ಸರದಿಯನ್ನು ಒಂದರ ಹಿಂದೊಂದು ವಿಳಂಬದ ಆಜ್ಞೆಗಳಾಗಿ ಬರೆಯುವ ಬದಲು ಕೋಷ್ಟಕವಾಗಿ ಬರೆಯಿರಿ: ಪ್ರತಿ ಸಾಲಿನಲ್ಲಿ ಯಾವ ದೀಪಗಳು ಉರಿಯಬೇಕು, ಎಷ್ಟು ಮಿಲಿಸೆಕೆಂಡ್ ಎಂಬ ಎರಡೇ ವಿವರ. ನಂತರ ಸರದಿ ಬದಲಿಸುವುದೆಂದರೆ ಕೋಷ್ಟಕ ತಿದ್ದುವುದಷ್ಟೇ, ಗುಂಡಿಯನ್ನು ಓದುವುದಕ್ಕೂ ಬಿಡುವು ಸಿಗುತ್ತದೆ. ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಮಿಲಿಸೆಕೆಂಡ್ ಎಣಿಕೆ 32 ಬಿಟ್ಟಿನದಾದ್ದರಿಂದ ಸುಮಾರು 49.7 ದಿನಗಳಿಗೊಮ್ಮೆ ಮರಳಿ ಸೊನ್ನೆಯಾಗುತ್ತದೆ. ಈಗಿನ ಸಮಯದಿಂದ ಹಂತ ಆರಂಭವಾದ ಸಮಯವನ್ನು ಕಳೆದು, ಬಂದ ವ್ಯತ್ಯಾಸವನ್ನು ಅವಧಿಯೊಡನೆ ಹೋಲಿಸಿದರೆ ಇದರಿಂದ ಏನೂ ಕೆಡುವುದಿಲ್ಲ. ಮುಗಿಯುವ ಸಮಯವನ್ನು ಮೊದಲೇ ಕೂಡಿಸಿಟ್ಟು ಹೋಲಿಸಿದರೆ ಆ ಕ್ಷಣದಲ್ಲಿ ಸರದಿ ದಾರಿ ತಪ್ಪಬಹುದು. 5 ವೋಲ್ಟಿನ ಬೋರ್ಡಿಗೆ ಐಆರ್‌ಎಲ್‌ಝಡ್44ಎನ್‌ನಂಥ, ಕಡಿಮೆ ಗೇಟ್ ವೋಲ್ಟೇಜಿಗೂ ತೆರೆದುಕೊಳ್ಳುವ ಮಾಸ್‌ಫೆಟ್ ಬೇಕು. ಆರಂಭದ ಕ್ಷಣದಲ್ಲಿ ಬೋರ್ಡಿನ ಪಿನ್‌ಗಳು ಇನ್‌ಪುಟ್ ಸ್ಥಿತಿಯಲ್ಲಿ ತೇಲುತ್ತಿರುವುದರಿಂದ ಗೇಟಿನ ರೆಸಿಸ್ಟರ್ ಇಲ್ಲಿಯೂ ಬೇಕೇ ಬೇಕು.

ಪ್ರಶ್ನೆ: 4017 ಸರ್ಕ್ಯೂಟಿನಲ್ಲಿ ಒಂದೇ ಬಣ್ಣವನ್ನು ನಿಲ್ಲಿಸಿಡಲು ಸಾಧ್ಯವೇ?

13ನೇ ಪಿನ್ನನ್ನು ಧನ ವೋಲ್ಟೇಜಿಗೆ ಎಳೆದರೆ ಎಣಿಕೆ ಇದ್ದಲ್ಲಿಯೇ ನಿಲ್ಲುತ್ತದೆ. 15ನೇ ಪಿನ್ನನ್ನು ಎಳೆದರೆ ಕ್ಯೂ0ಗೆ ಮರಳಿ ಕೆಂಪಿನಲ್ಲಿ ನಿಲ್ಲುತ್ತದೆ. 555 ಮಿಡಿಯುತ್ತಿರುವಾಗಲೇ 4017ರ ವಿದ್ಯುತ್ತನ್ನು ಮಾತ್ರ ಕಡಿಯುವುದು ಸರಿಯಲ್ಲ: ಗಡಿಯಾರದ ಸಂಕೇತವೇ ಇನ್‌ಪುಟ್ಟಿನ ರಕ್ಷಣಾ ಡಯೋಡ್ ಮೂಲಕ ಐಸಿಗೆ ವಿದ್ಯುತ್ ಉಣಿಸತೊಡಗಿ ವಿಚಿತ್ರವಾಗಿ ವರ್ತಿಸುತ್ತದೆ, ಐಸಿಯೂ ಹಾಳಾಗಬಹುದು.

ಪ್ರಶ್ನೆ: ಸರದಿ ಹಾರಿ ಹಾರಿ ಹೋಗುತ್ತದೆ, ಕೈ ಹತ್ತಿರ ತಂದರೆ ಬಣ್ಣ ಬದಲಾಗುತ್ತದೆ. ದೋಷ ಎಲ್ಲಿದೆ?

ಕೈ ತಂದಾಗ ಬದಲಾಗುತ್ತಿದ್ದರೆ ಯಾವುದೋ ಇನ್‌ಪುಟ್ ಎಲ್ಲಿಗೂ ಜೋಡಣೆಯಾಗದೆ ತೇಲುತ್ತಿದೆ ಎಂದೇ ಅರ್ಥ. 4017ರಂಥ ಸೀಮಾಸ್ ಬಗೆಯ ಐಸಿಗಳ ಇನ್‌ಪುಟ್‌ಗಳನ್ನು ಹಾಗೆ ಬಿಡಬಾರದು. 4017ರ 13ನೇ ಪಿನ್ ಗ್ರೌಂಡಿಗೆ ಹೋಗಿದೆಯೇ ನೋಡಿ. 15ನೇ ಪಿನ್ನಿಗೆ ಗ್ರೌಂಡಿನತ್ತ 100 ಕಿಲೋಓಮ್ ರೆಸಿಸ್ಟರನ್ನೂ, ಧನ ವೋಲ್ಟೇಜಿನತ್ತ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಹಾಕಿದರೆ, ವಿದ್ಯುತ್ ಬಂದಾಗಲೆಲ್ಲ ಎಣಿಕೆ ತಾನಾಗಿ ಕೆಂಪಿನಿಂದ ಶುರುವಾಗುತ್ತದೆ.

ಹಂತಗಳು ಎರಡೆರಡಾಗಿ ಹಾರುತ್ತಿದ್ದರೆ ಗುಮಾನಿ ಪಡಬೇಕಾದದ್ದು ವಿದ್ಯುತ್ ಪೂರೈಕೆಯ ಮೇಲೆ. ಹಳೆಯ ಬಗೆಯ 555 ತನ್ನ ಸ್ಥಿತಿ ಬದಲಿಸುವ ಕ್ಷಣದಲ್ಲಿ ದೊಡ್ಡ ಕರೆಂಟನ್ನು ಎಳೆದು ವೋಲ್ಟೇಜನ್ನು ಕುಲುಕುತ್ತದೆ. ಎರಡೂ ಐಸಿಗಳ ವಿದ್ಯುತ್ ಪಿನ್‌ಗಳ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್, ಬೋರ್ಡಿಗೆ ತಂತಿ ಬರುವಲ್ಲಿ 100 ಮೈಕ್ರೋಫ್ಯಾರಡ್, 555ರ 5ನೇ ಪಿನ್ನಿನಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳಿರಲಿ. ದೀಪಗಳ ಗ್ರೌಂಡ್ ತಂತಿ ಐಸಿಗಳ ಗ್ರೌಂಡಿನ ಮೂಲಕ ಹಾದುಹೋಗದೆ ನೇರವಾಗಿ ಅಡಾಪ್ಟರಿನ ತುದಿಗೆ ಹೋಗಲಿ. ಇಷ್ಟಾದರೂ ಸರಿಹೋಗದಿದ್ದರೆ 555ರ ಜಾಗದಲ್ಲಿ ಅದೇ ಪಿನ್ ಜೋಡಣೆಯ ಸೀಮಾಸ್ ರೂಪವಾದ 7555 ಅನ್ನು ಕೂರಿಸಿ ನೋಡಿ.

ಪ್ರಶ್ನೆ: ಸಿದ್ಧವಾದ ದೀಪವನ್ನು ಮನೆಯ ಹೊರಗೆ ಹಾಕಬಹುದೇ?

ರಸ್ತೆಯಲ್ಲಿ ವಾಹನ ಓಡಿಸುವವರ ಕಣ್ಣಿಗೆ ಬೀಳುವಂತೆ ಹಾಕಬಾರದು. ನಿಜವಾದ ಸಿಗ್ನಲ್ ಎಂದು ಗೊಂದಲ ಹುಟ್ಟಿಸುವ ಸಾಧನಗಳನ್ನು ನಿಷೇಧಿಸಬೇಕೆಂದು ರಸ್ತೆ ಸಂಕೇತಗಳ ಕುರಿತ 1968ರ ವಿಯೆನ್ನಾ ಒಪ್ಪಂದವೂ ಹೇಳುತ್ತದೆ. ಬೀದಿಗೆ ತೆರೆದುಕೊಂಡ ಕಿಟಕಿಯ ಬಳಿ ಇಡುವುದಾದರೂ ಮುಖವನ್ನು ಒಳಕ್ಕೆ ತಿರುಗಿಸಿಡಿ. ಹಿತ್ತಲಿನಂಥ ಮರೆಯ ಜಾಗದಲ್ಲಿ ಇಡುವುದಾದರೆ ಅಡಾಪ್ಟರ್ ಒಳಗೇ ಉಳಿಯಬೇಕು, ಪೆಟ್ಟಿಗೆಯ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ರಂಧ್ರವಿರಬೇಕು, ಬೋರ್ಡನ್ನು ಆ ರಂಧ್ರಕ್ಕಿಂತ ಸಾಕಷ್ಟು ಮೇಲೆ, ಕೆಂಪು ದೀಪದ ಹಿಂಬದಿಯಲ್ಲಿ ಕೂರಿಸಬೇಕು.